ಅಜ್ಜಿ ಮೋಸ ಮಾಡಿದ ಚೆನ್ನೆಯಾಟ

“ಅಜ್ಜಿ, ಮೆಲ್ಲ! ಮೆಲ್ಲ ಹಾಕಿ! ನೀವು ಕಾಯಿ ಹಾಕುದು ಕಣ್ಣಿಗೇ ಕಾಣುದಿಲ್ಲ!”

“ನನ್ನ ಕೈಗೆ ಬ್ರೇಕ್ ಇಲ್ಲ ಮಗಾ,” ಎಂದರು ಹೇಮಾಕ್ಷಿ ಅಜ್ಜಿ.

ಟಕ್ ಟಕ್ ಟಕ್ ಟಕ್. ಚೆನ್ನೆಮಣೆಯ ನಾಲ್ಕು ಗುಂಡಿಗಳಿಗೆ ನಾಲ್ಕು ಕೆಂಪು ಕಾಯಿ ಬಿದ್ದವು. ಮುಂದಿನ ಗುಂಡಿ ಖಾಲಿ. ಅದರ ಆಚೆಯ ಗುಂಡಿಯಲ್ಲಿ ಏಳು ಕಾಯಿ! ಅಜ್ಜಿ ಏಳನ್ನೂ ಬಾಚಿ ತಮ್ಮ ತೆಂಗಿನ ಗೆರಟೆಗೆ ಸುರಿದುಕೊಂಡರು.

“ಹಾಂ, ಇನ್ನು ನೀನು.”

ದೀಕ್ಷಿತಾ ತಲೆ ಮೇಲೆ ಕೈ ಹೊತ್ತು ಕೂತಳು. ಆ ಏಳು ಕಾಯಿಯ ಮೇಲೆ ಅವಳು ಆಗಿನಿಂದ ಕಣ್ಣಿಟ್ಟಿದ್ದಳು.

ಆಟ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಭಾರಿ ಸುಲಭ. ಮರದ ಮಣೆಯಲ್ಲಿ ನಿಮ್ಮ ಕಡೆಗೆ ಏಳು ಗುಂಡಿ, ಎದುರಿನವರ ಕಡೆಗೆ ಏಳು. ಗುಂಡಿಗೆ ನಾಲ್ಕರಂತೆ ಒಟ್ಟು ಐವತ್ತಾರು ಕಾಯಿ, ಅಂದರೆ ಮಂಜೊಟ್ಟಿ ಮರದ ಕೆಂಪು ಬೀಜ. ಒಂದು ಗುಂಡಿಯ ಕಾಯಿ ಎತ್ತಿ ಮುಂದಿನ ಗುಂಡಿಗಳಿಗೆ ಒಂದೊಂದೇ ಹಾಕುತ್ತ ಹೋಗಬೇಕು. ಕೈ ಖಾಲಿಯಾದಾಗ ಅದರ ಮುಂದಿನ ಗುಂಡಿಯದ್ದನ್ನು ಎತ್ತಿ ಮತ್ತೆ ಹಾಕಬೇಕು. ಆ ಗುಂಡಿ ಖಾಲಿ ಇದ್ದರೆ? ಅದರ ಆಚೆಯ ಗುಂಡಿಯಲ್ಲಿ ಇದ್ದದ್ದೆಲ್ಲ ನಿಮ್ಮದು. ಕೊನೆಗೆ ಯಾರ ಗೆರಟೆಯಲ್ಲಿ ಜಾಸ್ತಿ ಕಾಯಿ ಉಂಟೋ ಅವರು ಗೆದ್ದ ಹಾಗೆ. ಕಲಿಯಲಿಕ್ಕೆ ಹತ್ತು ನಿಮಿಷ ಸಾಕು. ಹೇಮಾಕ್ಷಿ ಅಜ್ಜಿಯನ್ನು ಸೋಲಿಸಲಿಕ್ಕೆ ಮಾತ್ರ ಒಂದು ಜನ್ಮ ಸಾಲದು ಎಂದು ಇಡೀ ಓಣಿಗೇ ಗೊತ್ತು.

ಬೇರೆ ದಿನವಾದರೆ ದೀಕ್ಷಿತಾ ಸೋತು ನಗುತ್ತಿದ್ದಳೋ ಏನೋ. ಇವತ್ತು ನಗುವ ಹಾಗೆಯೇ ಇರಲಿಲ್ಲ. ಇವತ್ತಿನ ಆಟದ ಮೇಲೆ ಒಂದು ರೆಸಾರ್ಟು, ಒಂದು ಸ್ವಿಮ್ಮಿಂಗ್ ಪೂಲು ಮತ್ತು ಅಶ್ಮಿತಾಳ ಬರ್ತ್‌ಡೇ ಇಷ್ಟೂ ನಿಂತಿತ್ತು.

ದೀಕ್ಷಿತಾ ಓದುವುದು ಮಸ್ಕತ್ತಿನಲ್ಲಿ, ಐದನೇ ಕ್ಲಾಸು. ಅಲ್ಲಿ ಶಾಲೆಗೆ ರಜೆ ಸಿಗುವಾಗ ಇಲ್ಲಿ ಮಂಗಳೂರಿನಲ್ಲಿ ಆಟಿ ತಿಂಗಳ, ಅಂದರೆ ಆಷಾಢದ ಮಳೆ. ವರ್ಷಕ್ಕೊಮ್ಮೆ ಅಮ್ಮನ ಜೊತೆ ಕಾವೂರಿನ ಅಜ್ಜಿಮನೆಗೆ ಬರುತ್ತಾಳೆ. ಚೆನ್ನೆಮಣೆ ಅಟ್ಟದಿಂದ ಕೆಳಗೆ ಇಳಿಯುವುದೂ ಆಟಿಯಲ್ಲೇ. ಉಳಿದ ಹನ್ನೊಂದು ತಿಂಗಳು ಅದನ್ನು ಮುಟ್ಟುವ ಹಾಗಿಲ್ಲ. ಯಾಕೆ ಎಂದು ಕೇಳಿದರೆ ಅಜ್ಜಿ, “ನನ್ನ ಅಜ್ಜಿ ಮುಟ್ಬಾರ್ದು ಅಂತ ಹೇಳಿದ್ರು. ನೀನು ಅವರ ಹತ್ರ ಕೇಳ್ಬೇಕಿತ್ತು,” ಎನ್ನುತ್ತಾರೆ.

ಈ ಸಲ ಬಂದದ್ದು ಹತ್ತೇ ದಿನಕ್ಕೆ. ಅದರಲ್ಲಿ ಅಮ್ಮನ ಹಲ್ಲುನೋವು ಬೇರೆ. ಹಲ್ಲಿನ ಕ್ಲಿನಿಕ್ ಫಳ್ನೀರಿನಲ್ಲಿ, ದೀಕ್ಷಿತಾಳ ಸೋದರತ್ತೆಯ ಫ್ಲ್ಯಾಟಿನ ಎದುರಿಗೇ ಉಂಟು ಎಂದು ಅಮ್ಮ ಅತ್ತೆಯ ಮನೆಯಲ್ಲೇ ಉಳಿದಿದ್ದರು. ಹಾಗಾಗಿ ಮೊಮ್ಮಗಳು ಪೂರ್ತಿಯಾಗಿ ಅಜ್ಜಿಯ ಪಾಲಿಗೆ ಬಂದಿದ್ದಳು.

ಅಜ್ಜಿಯ ಸಂಭ್ರಮ ಕೇಳಬೇಕಾ? ಹೊಲಿಗೆ ಮೆಷಿನ್‌ಗೆ ಹಳೇ ಸೀರೆ ಹೊದಿಸಿ ಮೂಲೆಗೆ ತಳ್ಳಿದರು. ಗೇಟಿಗೆ ಒಂದು ರಟ್ಟು ಕಟ್ಟಿದರು: ‘ಬ್ಲೌಸ್ ಆದಿತ್ಯವಾರ ಕಳೆದ ಮೇಲೆ. ಅರ್ಜೆಂಟ್ ಇದ್ದವರು ಬೇರೆ ಕಡೆ ಕೊಡಿ.’ ಬೆಳಿಗ್ಗೆ ಎದ್ದ ಕೂಡಲೇ ದೀಕ್ಷಿತಾಳನ್ನು ಮೆಟ್ಟಿಲ ಮೇಲೆ ಕೂರಿಸಿ ತಲೆಗೆ ಎಣ್ಣೆ ಹಚ್ಚುವುದು, ಅರ್ಧ ಗಂಟೆ.

“ಇಷ್ಟು ಎಣ್ಣೆಯಲ್ಲಿ ಬಾಳೆಕಾಯಿ ಪೋಡಿ ಕಾಯಿಸ್ಬಹುದು ಅಜ್ಜಿ!”

“ಕಾಯಿಸುವ, ಸಂಜೆಗೆ. ಈಗ ತಲೆ ಅಲ್ಲಾಡಿಸ್ಬೇಡ.”

ಹೀಗೆ ಏಳು ದಿನ ಕಳೆದದ್ದೇ ಗೊತ್ತಾಗಲಿಲ್ಲ. ನಿನ್ನೆ ಅಶ್ಮಿತಾಳ ಫೋನ್ ಬಂತು. ಅಶ್ಮಿತಾ ಅತ್ತೆಯ ಮಗಳು, ದೀಕ್ಷಿತಾಳ ಓರಗೆಯವಳು. ಅವಳ ಬರ್ತ್‌ಡೇಗೆ ಎಲ್ಲರೂ ರೆಸಾರ್ಟಿಗೆ ಹೋಗುತ್ತಾರಂತೆ. ಶುಕ್ರವಾರ ಬೆಳಿಗ್ಗೆ ಹೋದರೆ ಶನಿವಾರ ರಾತ್ರಿ ವಾಪಸ್. ದೊಡ್ಡ ಪೂಲ್ ಉಂಟಂತೆ, ಅದರಲ್ಲಿ ಸ್ಲೈಡ್ ಉಂಟಂತೆ!

“ಅಜ್ಜಿ ಹತ್ರ ಕೇಳು,” ಎಂದರು ಅಮ್ಮ ಅದೇ ಫೋನಿನಲ್ಲಿ, ಊದಿದ ದವಡೆಯಲ್ಲಿ. “ಅವರು ಹೂಂ ಅಂದ್ರೆ ನನ್ನದೂ ಹೂಂ.”

ಅಜ್ಜಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಒಗೆದ ಬಟ್ಟೆ ಮಡಚುತ್ತಿದ್ದವರು ಅದೇ ಟವೆಲನ್ನು ಮೂರು ಸಲ ಮಡಚಿದರು.

“ನಿಮ್ಮ ಫ್ಲೈಟ್ ಆದಿತ್ಯವಾರ ಬೆಳಿಗ್ಗೆ ಅಲ್ವಾ?”

“ಹೌದು ಅಜ್ಜಿ.”

“ಹಾಗಾದ್ರೆ ನನ್ನ ರಜೆ ನಾಳೆಗೇ ಮುಗೀತು,” ಎಂದರು ಅಜ್ಜಿ. ಟವೆಲನ್ನು ಬದಿಗಿಟ್ಟು, “ಒಂದು ಕೆಲಸ ಮಾಡು. ಚೆನ್ನೆಯಲ್ಲಿ ನನ್ನನ್ನು ಸೋಲಿಸು. ಮೂರರಲ್ಲಿ ಎರಡು ಗೆದ್ರೆ ಹೋಗು.”

“ಅದು ಅನ್ಯಾಯ! ನಿಮ್ಮನ್ನು ಸೋಲಿಸ್ಲಿಕ್ಕೆ ಯಾರಿಗಾದ್ರೂ ಆಗ್ತದಾ?”

“ಆಗದಿದ್ರೆ ಇಲ್ಲೇ ಇರು. ನಾನೆಂತ ಬೇಡ ಅಂದೆನಾ?”

ಇವತ್ತು ಮಧ್ಯಾಹ್ನ ಊಟ ಆದದ್ದೇ ಇಬ್ಬರೂ ಚಾಪೆ ಹಾಸಿ ಕೂತರು. ಮೊದಲ ಆಟ ಅಜ್ಜಿಯದ್ದು. ಎರಡನೇ ಆಟದಲ್ಲಿ ಒಂದು ವಿಚಿತ್ರ ನಡೆಯಿತು. ದೀಕ್ಷಿತಾ ಗೆದ್ದಳು! ಅಜ್ಜಿ ಕನ್ನಡಕ ಹಾಕಿಕೊಂಡು ಎರಡು ಸಲ ಎಣಿಸಿದರು. “ಥೂ, ಇದು ಹೇಗಾಯ್ತು ಮಾರಾಯ್ತಿ?” ಎಂದು ತಮಗೆ ತಾವೇ ಬೈದುಕೊಂಡರು. ಮೂರನೇ ಆಟಕ್ಕೆ ಸೆರಗು ಸಿಕ್ಕಿಸಿ ಕೂತರು ನೋಡಿ, ಮತ್ತೆ ಕೇಳುವುದೇ ಬೇಡ. ಆ ಏಳು ಕಾಯಿ ಬಾಚಿದ್ದೂ ಇದೇ ಆಟದಲ್ಲಿ.

“ಚೂರು ಬಿಟ್ಟುಕೊಡಿ ಅಜ್ಜಿ,” ಎಂದು ದೀಕ್ಷಿತಾ ಗೋಗರೆದಳು.

“ಆಟದಲ್ಲಿ ಅಜ್ಜಿಯೂ ಇಲ್ಲ, ಪುಳ್ಳಿಯೂ ಇಲ್ಲ.” ಪುಳ್ಳಿ ಎಂದರೆ ತುಳುವಿನಲ್ಲಿ ಮೊಮ್ಮಗಳು. ಪ್ರೀತಿ ಉಕ್ಕಿದಾಗ ಅಜ್ಜಿ ಬಳಸುವ ಮಾತು ಅದು. ಆದರೆ ಈಗ ಅವರ ದನಿಯಲ್ಲಿ ಪ್ರೀತಿ ಗೀತಿ ಎಂತದೂ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಜಾನೆಟ್ ಬಾಯಿ ಕೊಡೆ ಮಡಚುತ್ತ ಒಳಗೆ ಬಂದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಕೆಸುವಿನ ಎಲೆ.

“ಹೇಮಕ್ಕ, ಪತ್ರೊಡೆಗೆ ಎಲೆ ತಂದೆ. ನನ್ನ ಬ್ಲೌಸ್ ಎಂತ ಆಯ್ತು?”

“ಸೋಮವಾರ.”

“ನನಗೆ ಶನಿವಾರ ಫಂಕ್ಷನ್ ಉಂಟಲ್ಲ!”

“ಹಳೆಯದ್ದು ಹಾಕಿ ಬಾಯಿ. ಚಂದ ಕಾಣ್ತದೆ.”

ಜಾನೆಟ್ ಬಾಯಿ ನಕ್ಕುಬಿಟ್ಟರು. ಇಪ್ಪತ್ತು ವರ್ಷದಿಂದ ಪ್ರತಿ ಆಟಿಯಲ್ಲೂ ಅಜ್ಜಿಯ ಕೈಯಲ್ಲಿ ಸೋಲುತ್ತ ಬಂದವರು ಅವರು. ಮಣೆಯ ಕಡೆ ಬಗ್ಗಿ ನೋಡಿ ದೀಕ್ಷಿತಾಳಿಗೆ, “ಪಾಪ ನೀನು,” ಎಂದರು. ಮತ್ತೆ ಚಾ ಮಾಡಲು ಅಡುಗೆಮನೆಗೆ ಹೋದರು. ಆ ಮನೆಯಲ್ಲಿ ಚಾಪುಡಿ ಎಲ್ಲಿ ಉಂಟು ಎಂದು ಅಜ್ಜಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ದೀಕ್ಷಿತಾ ಎರಡೂ ಗೆರಟೆಯ ಕಾಯಿ ಎಣಿಸಿದಳು. ಅಜ್ಜಿಯದ್ದು ಇಪ್ಪತ್ತಾರು. ತನ್ನದು ಹದಿನಾಲ್ಕು. ಮಣೆಯ ಮೇಲೆ ಉಳಿದದ್ದು ಹದಿನಾರು. ಇನ್ನು ಮೂರೇ ಮೂರು ಕಾಯಿ ಸಿಕ್ಕಿದರೆ ಅಜ್ಜಿ ಗೆದ್ದ ಹಾಗೆ. ಅವಳು ಫೋನ್ ತೆಗೆದು ಅಶ್ಮಿತಾಳಿಗೆ ಮೆಸೇಜ್ ಹಾಕಿದಳು: ‘ಅಜ್ಜಿ 26, ನಾನು 14. ಮುಗೀತು ನನ್ನ ಕತೆ.’

ಅರೆ ನಿಮಿಷದಲ್ಲಿ ಫೋನ್ ರಿಂಗಾಯಿತು. ದೀಕ್ಷಿತಾ ಎದ್ದು ಹೊರಗಿನ ಸಿಟೌಟಿಗೆ ಓಡಿದಳು.

“ಎಂತ ಮಾರಾಯ್ತಿ, ನೀನು ಬರುದಿಲ್ವಾ?” ಎಂದಳು ಅಶ್ಮಿತಾ ಆ ಕಡೆಯಿಂದ.

“ಎಲ್ಲಿಂದ ಬರುದು? ಇನ್ನು ಎರಡು ಸಲ ಕೈ ಆಡಿಸಿದ್ರೆ ಅಜ್ಜಿ ಗೆಲ್ತಾರೆ.” ದೀಕ್ಷಿತಾ ಅಲ್ಲಿದ್ದ ಕುರ್ಚಿಯಲ್ಲಿ ಕುಕ್ಕರಿಸಿದಳು. “ನನಗೆ ಎಷ್ಟು ಆಸೆ ಉಂಟು ಗೊತ್ತುಂಟಾ ನಿನಗೆ? ಸ್ವಿಮ್ ಸೂಟ್ ಮಸ್ಕತ್ತಿಂದಲೇ ತಂದಿದ್ದೆ. ಒಂದು ಸಲ ಕೂಡ ಹಾಕ್ಲಿಲ್ಲ. ಏಳು ದಿನದಿಂದ ಮನೆಯೊಳಗೇ ಇದ್ದೇನೆ, ಮಳೆ ನೋಡಿ ನೋಡಿ ಸಾಕಾಯ್ತು.”

ಮಾತಾಡುತ್ತ ಆಡುತ್ತ ಅವಳು ಅತ್ತೇಬಿಟ್ಟಳು. ಆಟ ನಡೆಯುತ್ತಿದ್ದ ಹಾಲ್‌ನ ಕಿಟಕಿ ಸಿಟೌಟಿಗೇ ತೆರೆದುಕೊಳ್ಳುತ್ತದೆ, ಅದರ ಬಾಗಿಲು ಹಾಕಿರಲಿಲ್ಲ. ಅದು ಅವಳ ತಲೆಗೆ ಹೊಳೆಯಲೇ ಇಲ್ಲ.

ಕಣ್ಣೊರೆಸಿಕೊಂಡು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು.

ಅಜ್ಜಿಯ ಕೈ ಅವಳ ಗೆರಟೆಯೊಳಗೆ ಇತ್ತು!

“ಅಜ್ಜೀ!”

ಅಜ್ಜಿ ಬೆಚ್ಚಿ ಕೈ ಎಳೆದುಕೊಂಡರು. ಅವರ ಮುಷ್ಟಿಯಿಂದ ಒಂದು ಕಾಯಿ ಜಾರಿ ಚಾಪೆಯ ಮೇಲೆ ಉರುಳಿತು. ದೀಕ್ಷಿತಾ ಹಾರಿ ಬಂದು ಅದನ್ನು ಹೆಕ್ಕಿ ತನ್ನ ಗೆರಟೆಗೆ ಹಾಕಿದಳು. ಗೆರಟೆಯನ್ನು ಎದೆಗೆ ಅವುಚಿಕೊಂಡಳು.

“ಮೋಸ! ನನ್ನ ಗೆರಟೆಗೆ ಕೈ ಹಾಕಿದ್ರಿ! ನಾನು ನೋಡಿದೆ!”

“ಅದು... ಕಾಯಿ ಬಿದ್ದಿತ್ತು...” ಅಜ್ಜಿ ತಡವರಿಸಿದರು. ಸುಳ್ಳು ಹೇಳಿ ಅಭ್ಯಾಸ ಇಲ್ಲದವರಿಗೆ ಸುಳ್ಳು ಅಷ್ಟು ಬೇಗ ಬಾಯಿಗೆ ಬರುತ್ತದಾ?

“ನಾನು ಹೋಗ್ಬಾರ್ದು ಅಂತ ಕದ್ದದ್ದಲ್ವಾ? ನಾಚಿಕೆ ಆಗುದಿಲ್ವಾ ಅಜ್ಜಿ ನಿಮಗೆ?”

ಗಲಾಟೆಗೆ ಜಾನೆಟ್ ಬಾಯಿ ಚಾ ಸೋಸುವ ಜಾಲರಿ ಹಿಡಿದುಕೊಂಡೇ ಹೊರಗೆ ಬಂದರು. “ಎಂತ ಆಯ್ತು?”

“ಅಜ್ಜಿ ಮೋಸ ಮಾಡಿದ್ರು ಬಾಯಿ! ನನ್ನ ಕಾಯಿ ಕದ್ರು!”

“ಹೇಮಕ್ಕನಾ? ಛೆ ಛೆ, ಹೇಮಕ್ಕ ಹಾಗೆಲ್ಲ...” ಜಾನೆಟ್ ಬಾಯಿ ಅಜ್ಜಿಯ ಮುಖ ನೋಡಿ ಅರ್ಧಕ್ಕೇ ನಿಂತರು.

ಅಜ್ಜಿಯ ಮುಖ ಕೆಂಪಾಗಿತ್ತು. ಆಮೇಲೆ ಸಿಕ್ಕಿಸಿದ ಸೆರಗನ್ನು ಬಿಚ್ಚಿ ಬಿಟ್ಟರು.

“ಕೈ ಹಾಕಿದ್ದು ಹೌದು ಬಾಯಿ. ನನ್ನದೇ ತಪ್ಪು.” ದೀಕ್ಷಿತಾಳ ಕಡೆ ತಿರುಗಿ, “ಮೋಸ ಮಾಡಿ ಸಿಕ್ಕಿಬಿದ್ದವರು ಸೋತ ಹಾಗೆ. ಗೆದ್ದದ್ದು ನೀನು. ಬ್ಯಾಗ್ ತುಂಬಿಸು ಹೋಗು. ಮುಖೇಶ ಬೈಕಂಪಾಡಿಯಿಂದ ಬಂದ ಮೇಲೆ ಸ್ಕೂಟರಿನಲ್ಲಿ ಬಿಟ್ಟು ಬರ್ತಾನೆ,” ಎಂದರು.

ಮುಖೇಶ್ ಮಾಮ ಅಜ್ಜಿಯ ಕಿರಿಯ ಮಗ. ಬೈಕಂಪಾಡಿಯ ವರ್ಕ್‌ಶಾಪಿನಿಂದ ಆರೂವರೆಗೆಲ್ಲ ಮನೆಗೆ ಬರುತ್ತಾನೆ. ಈಗ ಐದು ಗಂಟೆ.

“ಹೋ!” ಎಂದು ದೀಕ್ಷಿತಾ ರೂಮಿಗೆ ಓಡಿದಳು. ಸ್ವಿಮ್ ಸೂಟ್, ಟವೆಲ್, ಚಾರ್ಜರ್, ಅಶ್ಮಿತಾಳಿಗೆ ತಂದ ಪರ್ಫ್ಯೂಮ್ ಎಲ್ಲ ಬ್ಯಾಗಿಗೆ ತುರುಕಿದಳು. ಸಿಟ್ಟು ಇನ್ನೂ ಮೂಗಿನ ತುದಿಯಲ್ಲೇ ಇತ್ತು. ಅಜ್ಜಿ ಅಂತೆ ಅಜ್ಜಿ! ಕದಿಯುವುದಾ?

ಅಡುಗೆಮನೆಯಲ್ಲಿ ಅಜ್ಜಿ ಪತ್ರೊಡೆಗೆ ಅಕ್ಕಿ ಮಸಾಲೆ ಗ್ರೈಂಡರಿಗೆ ಹಾಕಿದ್ದು ಕೇಳಿಸಿತು. ಗರ್ರ್ ಎಂದು ಸದ್ದು ಶುರುವಾಯಿತು. ಅದರ ನಡುವೆ ಅಜ್ಜಿ ಕೂಗಿ ಹೇಳಿದರು, “ಮಗಾ, ಕಾಯಿ ಲೆಕ್ಕ ಮಾಡಿ ಚೀಲಕ್ಕೆ ಹಾಕು. ಐವತ್ತಾರೂ ಇರ್ಬೇಕು.”

ಜಾನೆಟ್ ಬಾಯಿ ಚಾ ಕುಡಿದು ಹೊರಟವರು ಹಾಲ್‌ನಲ್ಲಿ ದೀಕ್ಷಿತಾಳನ್ನು ಕಂಡು ನಿಂತರು. ದನಿ ತಗ್ಗಿಸಿ, “ನನಗೆ ನಂಬ್ಲಿಕ್ಕೇ ಆಗುದಿಲ್ಲ ಮಗಾ. ಒಮ್ಮೆ ಲೆಕ್ಕದಲ್ಲಿ ಒಂದೇ ಒಂದು ಕಾಯಿ ಆಚೆ ಈಚೆ ಆದದ್ದಕ್ಕೆ ಗೆದ್ದ ಆಟವನ್ನು ಪುನಃ ಆಡಿದವರು ನಿನ್ನ ಅಜ್ಜಿ. ಇವತ್ತು ಎಂತ ಭೂತ ಹೊಕ್ಕಿತೋ!” ಎಂದು ಕೊಡೆ ಬಿಡಿಸಿ ಹೋದರು.

ದೀಕ್ಷಿತಾ ಚಾಪೆಯ ಮೇಲೆ ಕೂತಳು. ಮೊದಲು ಮಣೆಯ ಕಾಯಿ ಎಣಿಸಿ ಚೀಲಕ್ಕೆ ಹಾಕಿದಳು. ಹದಿನಾರು, ಸರಿ ಉಂಟು. ಇನ್ನು ತನ್ನ ಗೆರಟೆ. ಹದಿನಾಲ್ಕು ಇತ್ತಲ್ಲ, ಅಜ್ಜಿ ಎಷ್ಟು ಕದ್ದಿದ್ದಾರೋ ನೋಡಿಯೇ ಬಿಡುವ. ಎಂಟು ಉಳಿದಿರಬಹುದಾ? ಹತ್ತು?

ಎಣಿಸಿದಳು. ಹತ್ತು ದಾಟಿತು. ಹದಿನಾಲ್ಕು ದಾಟಿತು. ಇಪ್ಪತ್ತು ದಾಟಿತು.

ಇಪ್ಪತ್ತಮೂರು.

ತಪ್ಪಿತೇನೋ ಎಂದು ಮತ್ತೆ ಎಣಿಸಿದಳು. ಇಪ್ಪತ್ತಮೂರೇ. ಫೋನ್ ತೆಗೆದು ಅಶ್ಮಿತಾಳಿಗೆ ಹಾಕಿದ ಮೆಸೇಜ್ ನೋಡಿದಳು. ‘ಅಜ್ಜಿ 26, ನಾನು 14.’ ತಾನೇ ಬರೆದದ್ದು. ಅಜ್ಜಿಯ ಗೆರಟೆಯನ್ನು ಚಾಪೆಯ ಮೇಲೆ ಸುರಿದು ಎಣಿಸಿದಳು. ಹದಿನೇಳು.

ಅಜ್ಜಿಯ ಒಂಬತ್ತು ಕಾಯಿ ಇವಳ ಗೆರಟೆಯಲ್ಲಿತ್ತು.

ದೀಕ್ಷಿತಾಳಿಗೆ ಮೊದಲು ಎಂತದೂ ಅರ್ಥವಾಗಲಿಲ್ಲ. ಕದಿಯುವವರು ತೆಗೆಯುತ್ತಾರೆ, ಹಾಕುವುದು ಯಾಕೆ? ತಲೆ ಎತ್ತಿದಳು. ಎದುರಿಗೆ ಕಿಟಕಿ ತೆರೆದೇ ಇತ್ತು. ಸಿಟೌಟಿನ ಕುರ್ಚಿ ಅಲ್ಲಿಂದ ಎರಡು ಮಾರು ದೂರ ಕೂಡ ಇರಲಿಲ್ಲ. ಹೊರಗೆ ಮಾಡಿನಿಂದ ಬೀಳುವ ಒಂದೊಂದು ಹನಿಯ ಸದ್ದೂ ಒಳಗೆ ಕೇಳುತ್ತಿತ್ತು.

ತಾನು ಅತ್ತದ್ದು, ಮನೆಯೊಳಗೇ ಕೂತು ಸಾಕಾಯ್ತು ಅಂದದ್ದು, ಎಲ್ಲ ನೆನಪಾಯಿತು. ಅಜ್ಜಿ ಗೆಲ್ಲಲಿಕ್ಕೆ ಇನ್ನು ಮೂರು ಕಾಯಿ ಸಾಕಿತ್ತು. ಮೂರು ಕಾಯಿ ಸಿಕ್ಕಿದ್ದರೆ ಎರಡು ದಿನ ಪುಳ್ಳಿ ಮನೆಯಲ್ಲೇ ಇರುತ್ತಿದ್ದಳು. ಅದನ್ನು ಬಿಟ್ಟು ಒಂಬತ್ತು ಕಾಯಿ ತೆಗೆದು ಇವಳಿಗೆ ಹಾಕಿದ್ದರು. ಅದರ ಮೇಲೆ ಜಾನೆಟ್ ಬಾಯಿಯ ಎದುರಲ್ಲಿ ಮೋಸಗಾರ್ತಿ ಎಂಬ ಹೆಸರನ್ನೂ ಹೊತ್ತುಕೊಂಡಿದ್ದರು.

‘ನಾಚಿಕೆ ಆಗುದಿಲ್ವಾ ಅಜ್ಜಿ ನಿಮಗೆ?’ ಎಂದು ಕೇಳಿದ್ದು ತಾನೇ ಅಲ್ಲವಾ? ದೀಕ್ಷಿತಾಳ ಕಿವಿ ಬಿಸಿಯಾಯಿತು. ಚಾಪೆಯ ಕೆಳಗೆ ಹೊಕ್ಕು ಕೂತುಬಿಡುವ ಅನ್ನಿಸಿತು.

ಅವಳು ಐವತ್ತಾರು ಕಾಯಿಯನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ರೂಮಿನ ಬಾಗಿಲಲ್ಲಿ ಬ್ಯಾಗ್ ಉಬ್ಬಿಕೊಂಡು ನಿಂತಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಪೂಲಿನ ನೀಲಿ ನೀರು, ಸ್ಲೈಡ್, ಕೇಕ್, ಅಶ್ಮಿತಾಳ ನಗು ಎಲ್ಲ ಕಣ್ಣೆದುರು ಬಂತು. ಆಸೆ ಅಷ್ಟು ಬೇಗ ಹೋಗುತ್ತದಾ? ಹೋಗಲಿಲ್ಲ.

ಆದರೂ ಅವಳು ಫೋನ್ ಮಾಡಿದಳು. ಗ್ರೈಂಡರಿನ ಗಲಾಟೆಯಲ್ಲಿ ಅಜ್ಜಿಗೆ ಕೇಳಿಸಲಿಕ್ಕಿಲ್ಲ ಎಂದುಕೊಂಡಳು.

“ಅಶ್ಮೀ... ನಾನು ಬರುದಿಲ್ಲ.”

“ಎಂತ!” ಅಶ್ಮಿತಾ ಕಿರುಚಿದಳು. “ಸೋತಿಯಾ?”

“ಹೂಂ. ಸೋತೆ.”

“ಅಯ್ಯೋ! ಚೂರಾದ್ರೂ ಸರಿ ಮಾಡಿ ಆಡ್ಲಿಕ್ಕೆ ಆಗ್ಲಿಲ್ವಾ ನಿನಗೆ?”

“ಇಲ್ಲ ಮಾರಾಯ್ತಿ. ಅಜ್ಜಿ ಭಾರಿ ಜೋರು. ಅವರನ್ನು ಸೋಲಿಸ್ಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ.” ಅವಳು ಮೂಗು ಎಳೆದುಕೊಂಡಳು. “ಹ್ಯಾಪಿ ಬರ್ತ್‌ಡೇ ಆಯ್ತಾ, ಅಡ್ವಾನ್ಸ್ ಆಗಿ. ಸ್ಲೈಡಿನ ವಿಡಿಯೋ ಕಳ್ಸು. ಅಮ್ಮನಿಗೂ ಹೇಳು, ನಾನು ಆದಿತ್ಯವಾರದವರೆಗೆ ಇಲ್ಲೇ ಇರ್ತೇನೆ ಅಂತ.”

ಫೋನ್ ಇಟ್ಟ ಮೇಲೆ ಮನೆ ಯಾಕೋ ಸದ್ದಿಲ್ಲದೆ ಇದೆ ಅನ್ನಿಸಿತು. ಗ್ರೈಂಡರ್ ಯಾವಾಗಲೋ ನಿಂತುಹೋಗಿತ್ತು.

ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಎರಡೂ ಕೈಗೆ ಹಿಟ್ಟು.

“ಗೆದ್ದವಳು ಸೋತೆ ಅಂತ ಸುಳ್ಳು ಎಂತಕ್ಕೆ ಹೇಳಿದ್ದು?”

“ಕೊಟ್ಟವರು ಕದ್ದೆ ಅಂತ ಎಂತಕ್ಕೆ ಹೇಳಿದ್ದು?”

ಓಣಿಗೆಲ್ಲ ಮಾತಿನಲ್ಲಿ ನೀರು ಕುಡಿಸುವ ಹೇಮಾಕ್ಷಿ ಅಜ್ಜಿ ಬೆರಳಿಗೆ ಅಂಟಿದ ಹಿಟ್ಟು ಬಿಡಿಸತೊಡಗಿದರು. ದೀಕ್ಷಿತಾ ಹೋಗಿ ಅವರ ಸೊಂಟವನ್ನು ಬಿಗಿಯಾಗಿ ತಬ್ಬಿಕೊಂಡಳು.

“ನಾನು ಹಾಗೆ ಬೈಬಾರ್ದಿತ್ತು ಅಜ್ಜಿ.”

“ಏ, ಕೈಯಲ್ಲಿ ಹಿಟ್ಟು ಉಂಟು, ಅಂಗಿಗೆ ಹಿಡೀತದೆ,” ಎಂದರು ಅಜ್ಜಿ. ಆದರೆ ಅದೇ ಹಿಟ್ಟಿನ ಕೈಯಲ್ಲಿ ಅವಳ ಬೆನ್ನನ್ನು ಬಳಸಿ ಹಿಡಿದುಕೊಂಡರು. ಬಿಡುವ ಅಂದಾಜೇ ಕಾಣಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಇಬ್ಬರೂ ಅಡುಗೆಮನೆಯ ನೆಲದಲ್ಲಿ ಕೆಸುವಿನ ಎಲೆ ಹರಡಿಕೊಂಡು ಕೂತರು. ದೀಕ್ಷಿತಾ ಎಲೆಯ ಬೆನ್ನಿಗೆ ಹಿಟ್ಟು ಹಚ್ಚಿದಳು. ಒಂದು ಕಡೆ ಗುಡ್ಡೆ, ಒಂದು ಕಡೆ ಖಾಲಿ.

“ಎಂತ ಹಚ್ಚುದು ಇದು? ತೆಳು ಮಾಡು. ಮಸ್ಕತ್ತಿನಲ್ಲಿ ನಿನಗೆ ಇದನ್ನೆಲ್ಲ ಯಾರು ಕಲಿಸ್ತಾರೆ?”

“ಅವಸರ ಮಾಡ್ಬೇಡಿ ಅಜ್ಜಿ, ಕಲೀತೇನೆ. ನಾಳೆ ಉಂಟು, ನಾಡಿದ್ದು ಉಂಟು.”

“ಹೌದಲ್ಲ,” ಎಂದರು ಅಜ್ಜಿ. “ನಾಡಿದ್ದೂ ಉಂಟು.”